ಚಿಗರಿ ಬೇಟೆಯ ಖರ್ಚು ಯಾರ ಖಾತೆಗೆ?

ಈ ಸಲದ ಕಂತು ಬೇಟೆಯ ಬಗ್ಗೆ.

ನಿಮ್ಮ ಫೋನಿನಾಗೂ ಇಂಥ ವಿಡಿಯೋ ಬಂದಿರಬಹುದು. ಅಮೆರಿಕದವನೊಬ್ಬ ಬಿಲ್ಲು ಹೆಗಲಿಗೆ ಹಾಕ್ಕೊಂಡು ಪಕ್ಕದ ರಾಜ್ಯದ ಗುಡ್ಡಕ್ಕೆ ಎಲ್ಕ್ ಬೇಟೆಗೆ ಹೊಂಟಿರ್ತಾನ. ಎಲ್ಕ್ ಅಂದ್ರ ನಮ್ಮ ಕಡವೆಗಿಂತ ದೊಡ್ಡ ಜಿಂಕೆ. ಕಾಡು ಸರ್ಕಾರದ್ದು, ಆದರ ಹಂಗೇ ನುಗ್ಗಂಗಿಲ್ಲ. ಯಾವ ತಿಂಗಳು, ಯಾವ ಆಯುಧ, ಗಂಡೋ ಹೆಣ್ಣೋ, ಎಲ್ಲಾ ಪರವಾನಗಿಯಲ್ಲೇ ಬರೆದಿರ್ತದ. ಬೇಡಿಕೆ ಹೆಚ್ಚಿದ್ದ ಕಡೆ ಚೀಟಿ ಎತ್ತತಾರ. ಹೊರರಾಜ್ಯದವನಿಗೆ ಶುಲ್ಕ ಹಲವು ಪಟ್ಟು ಜಾಸ್ತಿ.

ನಾನು ಬಿ.ಕಾಂ. ಓದಿದವನು. ಯಾವ ಕಥೆ ಕೇಳಿದರೂ ಮೊದಲು ತಲೆಗೆ ಬರೋ ಪ್ರಶ್ನೆ ಒಂದೇ: ಇದರ ಖರ್ಚು ಯಾರ ಖಾತೆಗೆ ಹೋಯ್ತು? ಇದೇ ಪ್ರಶ್ನೆ ಹಿಡಕೊಂಡು ನಮ್ಮ ಸೀಮೆಯ ಬೇಟೆಯ ಸಾವಿರ ವರ್ಷದ ಲೆಕ್ಕ ನೋಡೋಣ ಬರ್ರಿ.

ಸೇಡಂ ತಾಲ್ಲೂಕಿನ ಮಳಖೇಡ ನಿಮಗೆ ಗೊತ್ತು. ಕಾಗಿಣಾ ನದಿ ದಂಡಿ ಮ್ಯಾಲಿನ ಈ ಊರೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಇಲ್ಲಿಂದ ಆಳಿದ ಮುಮ್ಮಡಿ ಕೃಷ್ಣ, ಗಂಗರ ಬೂತುಗನ ಜೊತೆ ಸೇರಿ ತಮಿಳುನಾಡಿನ ತಕ್ಕೋಲಂನಲ್ಲಿ ಚೋಳರ ಸೈನ್ಯವನ್ನು ಸೋಲಿಸಿದ. ಆ ಯುದ್ಧದಲ್ಲಿ ಮಣಲೇರ ಅನ್ನೋ ವೀರ ಚೆನ್ನಾಗಿ ಕಾದಿದ. ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಒಂದು ನಾಯಿ. ಅದರ ಹೆಸರು ಕಾಳಿ. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಕಾಳಿಯ ನೆನಪಿಗೆ ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಶಾಸನದ ಕಾಲ 949-50. ಬೇಟೆಯಲ್ಲಿ ಪ್ರಾಣ ಕೊಟ್ಟ ನಾಯಿಯ ಹೆಸರು ಇವತ್ತಿಗೂ ಉಳಿದದ. ಈ ಮಾತು ನೆನಪಿಟ್ಟುಕೊಳ್ರಿ.

ಸುಮಾರು 180 ವರ್ಷ ಮುಂದೆ ಬರೋಣ. ಕಲ್ಯಾಣದ, ಅಂದ್ರ ಇವತ್ತಿನ ಬಸವಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದ. ನೂರು ಅಧ್ಯಾಯದ ಗ್ರಂಥ. ಅಡುಗೆ, ಆನೆ, ಸಂಗೀತ, ಕುಸ್ತಿ, ಎಲ್ಲಾ ಅದಾವ. ಅದರಲ್ಲಿ ಬೇಟೆಯೂ ಒಂದು ವಿನೋದ. ನೀರಿಗೆ ಬರೋ ಜಿಂಕೆಗೆ ಹೊಂಚು ಹಾಕೋದು, ನಾಯಿ ಬಿಟ್ಟು ಹಿಡಿಯೋದು, ಪಳಗಿಸಿದ ಚೀತಾ ಬಿಟ್ಟು ಚಿಗರಿ ಹಿಡಿಸೋದು, ಹೀಗೆ ಹಲವು ಬಗೆ. ಇಷ್ಟು ತಯಾರಿಗೆ ಎಷ್ಟು ಕೈ ಬೇಕು? ಚೀತಾ ಸಾಕೋರು, ನಾಯಿ ಪಳಗಿಸೋರು, ಕಾಡಿನ ದಾರಿ ಬಲ್ಲೋರು. ವಿನೋದ ಅರಸನದು, ದುಡಿಮೆ ಇವರೆಲ್ಲರದು.

ಆದರ ಬೇಡರಿಗೆ ಬೇಟೆ ವಿನೋದ ಆಗಿರಲಿಲ್ಲ. ಅದು ಹೊಟ್ಟೆಪಾಡು, ಆಯುಧ ಅವರ ಮಾನ. 1857ರ ಬಂಡಾಯ ಎದ್ದಾಗ ಬ್ರಿಟಿಷರು ಜನರ ಆಯುಧ ಕಿತ್ಕೊಳ್ಳೋ ಕಾನೂನು ತಂದರು. ಮುಧೋಳ ಹತ್ತಿರದ ಹಲಗಲಿಯ ಬೇಡರು ಕೊಡಂಗಿಲ್ಲ ಅಂದರು. ಅದೇ ವರ್ಷದ ಕೊನೆಯಲ್ಲಿ ಸೈನ್ಯ ಊರಿಗೆ ನುಗ್ಗಿತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿದರು. ನಮ್ಮ ಪಕ್ಕದ ಸುರಪುರದಲ್ಲೂ ಬೇಡರ ದೊರೆ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ.

ಇನ್ನು ರೈಲಿನ ಕಾಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯ್ತು. ಚಿತ್ತಾಪುರ, ಸೇಡಂ ದಾಟೇ ಆ ಹಳಿ ಹೋಗ್ತದ. ಮುಂಬೈಯಿಂದ ಬಂದವರಿಗೆ ನಿಜಾಮರ ಸೀಮೆಯ ಒಳದಾರಿ ಸಲೀಸಾಯ್ತು. ‘ಹೊರರಾಜ್ಯದ ಬೇಟೆ’ ಅಂದ್ರ ಆಗ ಇದೇ: ಬ್ರಿಟಿಷ್ ಇಂಡಿಯಾದಿಂದ ಸಂಸ್ಥಾನದ ಕಾಡಿಗೆ ಅತಿಥಿಯಾಗಿ ಬರೋದು. 1902ರಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ದಂಪತಿ ವಾರಂಗಲ್ ಕಡೆಯ ನೆಕ್ಕೊಂಡ ಹತ್ತಿರ ಹುಲಿ ಬೇಟೆ ಆಡಿದರು. ಸತ್ತ ಹುಲಿಯ ಹಿಂದೆ ಅವರು ನಿಂತ ಫೋಟೊ ತೆಗೆದಿದ್ದು ಲಾಲಾ ದೀನ್ ದಯಾಳ್. ಜಗತ್ತೇ ನೋಡಿದ ಚಿತ್ರ ಅದು.

ಇಂಥ ಬೇಟೆಯ ಯೋಜನೆ ಸಣ್ಣದಲ್ಲ. ಡೇರೆ, ಆನೆ, ಆಮಿಷಕ್ಕೆ ಕಟ್ಟೋ ಎಮ್ಮೆಗರು, ಮರದ ಮೇಲೆ ಅಟ್ಟಣೆ. ಇದಕ್ಕೆಲ್ಲ ಮ್ಯಾಲ ಡೋಲು ಬಡೀತಾ, ಕೂಗ್ತಾ, ಪ್ರಾಣಿಯನ್ನು ಬಂದೂಕಿನ ಕಡೆ ಅಟ್ಟೋ ಹಳ್ಳಿಯ ಜನ. ಸಾಹೇಬರು ಅಟ್ಟಣೆ ಮೇಲೆ, ಇವರು ನೆಲದ ಮೇಲೆ. ಫೋಟೊದ ಅಡಿಬರಹದಲ್ಲಿ ಕರ್ಜನ್ ಹೆಸರು ಅದಾ. ಡೋಲು ಬಡಿದವನ ಹೆಸರು? ಆತಕೂರಿನ ನಾಯಿಗೆ ಸಿಕ್ಕ ಗೌರವ ಈ ಮನುಷ್ಯರಿಗೆ ಸಿಗಲಿಲ್ಲ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಕಾಡು ಖಾಲಿಯಾಗ್ತಾ ಇತ್ತು. ‘ಮಾನಸೋಲ್ಲಾಸ’ದ ಆ ಚೀತಾ ದೇಶದಿಂದಲೇ ಅಳಿದುಹೋಯ್ತು ಅಂತ 1952ರಲ್ಲಿ ಘೋಷಿಸಿದರು. 2022ರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಟ್ಟಿದ್ದು ನಿಮಗೆ ನೆನಪಿರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1991ರ ತಿದ್ದುಪಡಿ ಬೇಟೆಯ ಪರವಾನಗಿಯನ್ನೇ ತೆಗೆದುಹಾಕಿತು. ಚಿಗರಿ ಹೊಡೆದರೆ ಈಗ 3ರಿಂದ 7 ವರ್ಷ ಜೈಲು. 2011ರಲ್ಲಿ ನಮ್ಮ ಚಿಂಚೋಳಿ ಕಾಡಿನ ಸುಮಾರು 135 ಚದರ ಕಿಲೋಮೀಟರ್ ವನ್ಯಜೀವಿ ಧಾಮ ಆಯ್ತು. ತೋಳ, ಕತ್ತೆಕಿರುಬಕ್ಕೆ ಅಲ್ಲೊಂದು ನೆಲೆ ಉಳಿದದ.

ಇದು ಒಳ್ಳೇದೇ. ದೊರೆಗೂ ಇಲ್ಲ, ಸಾಹೇಬನಿಗೂ ಇಲ್ಲ, ಕೋಟ್ಯಧಿಪತಿಗೂ ಇಲ್ಲ, ಕಾನೂನು ಎಲ್ಲರಿಗೂ ಒಂದೇ. ಆದರೂ ಲೆಕ್ಕ ಇನ್ನೂ ಮುಗಿದಿಲ್ರಿ. ಅಮೆರಿಕದಲ್ಲಿ ಬೇಟೆಗಾರ ಕಟ್ಟೋ ಶುಲ್ಕ ವನ್ಯಜೀವಿ ಇಲಾಖೆಗೆ ಹೋಗ್ತದ, 1937ರಿಂದ ಬಂದೂಕು, ಗುಂಡಿನ ಮೇಲಿನ ತೆರಿಗೆಯೂ ಅದಕ್ಕೇ. ನಮ್ಮಲ್ಲಿ ಬೇಟೆಯ ಬಾಗಿಲು ತೆಗೀಬೇಕು ಅಂತ ನಾನು ಹೇಳ್ತಿಲ್ಲ, ಚೀತಾದ ಕಥೆ ಕೇಳಿದ ಮೇಲಂತೂ ಇಲ್ಲ. ಆದರ ಚಿಗರಿ ಹಿಂಡು ರಾತ್ರಿ ಬಂದು ತೊಗರಿಯ ಎಳೆ ಚಿಗುರು ಮೇಯ್ದು ಹೋದರೆ, ಆ ಹೊಲದ ರೈತನೇ ವನ್ಯಜೀವಿಯ ಖರ್ಚು ಹೊತ್ತಂಗಾಯ್ತು. ಪರಿಹಾರದ ನಿಯಮ ಅದಾ. ಅರ್ಜಿ, ಫೋಟೊ, ಪಂಚನಾಮೆ ಎಲ್ಲಾ ಮುಗಿದು ದುಡ್ಡು ಕೈಗೆ ಬರೋತನಕ ಹಂಗಾಮು ಕಾಯಂಗಿಲ್ಲ.

ಅಂದು ಅರಸನ ವಿನೋದದ ಭಾರ ಡೋಲಿನವನ ಮೇಲೆ ಬಿತ್ತು. ಇಂದು ನಾವೆಲ್ಲ ಮೆಚ್ಚೋ ಸಂರಕ್ಷಣೆಯ ಭಾರ ಎರಡೆಕರೆಯ ತೊಗರಿ ಹೊಲದ ಮೇಲೆ ಬೀಳಬಾರದು. ಚಿಗರಿ ಎಲ್ಲರದು ಅನ್ನೋದಾದರೆ, ಅದರ ಮೇವಿನ ಖರ್ಚೂ ಎಲ್ಲರ ಖಾತೆಗೇ ಬರಬೇಕು.

ನಿಮ್ಮ ಮನ್ಯಾಗ ಅಜ್ಜ, ಅಮ್ಮ ಇದ್ದರೆ ಒಂದು ಮಾತು ಕೇಳ್ರಿ: ಹಳೇ ಕಾಲದಾಗ ನಮ್ಮೂರಿಂದ ಡೋಲು ಬಡಿಯಾಕ ಯಾರಾದ್ರೂ ಹೋಗಿದ್ರಾ? ಹೆಸರು ಸಿಕ್ಕರೆ ಬರೆದಿಟ್ಟುಕೊಳ್ರಿ. ಮುಂದಿನ ಕಂತಿನಾಗ ಮತ್ತ ಸಿಗೋಣು.