ನೀರಿನೊಳಗಿನ ಗಾಳಿ

ಕಳೆದ ಮಾಗಿಯಲ್ಲಿ ನಮ್ಮ ಮನೆಯ ಮೀನಿನ ತೊಟ್ಟಿಗೆ ಒಂದು ಹೀಟರು ಬಂದಿತು. ಗಾಜಿನ ಕೊಳವೆಯಂತಿದ್ದ ಅದನ್ನು ಆಗತಾನೆ ತುಂಬಿದ ನೀರಿನಲ್ಲಿ ಮುಳುಗಿಸಿ ಅರ್ಧ ಗಂಟೆ ಕಳೆದಿರಲಿಲ್ಲ. ಅದರ ಮೈಮೇಲೆಲ್ಲ ಸಾಸಿವೆಕಾಳಿನಷ್ಟು ಸಣ್ಣ ಗುಳ್ಳೆಗಳು ಮೂಡಿದವು. “ಅಪ್ಪಾ, ನೀರು ಕುದೀತಿದೆ, ಮೀನು ಬೆಂದುಹೋಗುತ್ತೆ!” ಎಂದು ಮಗಳು ಕೂಗಿಕೊಂಡಳು. ಉಷ್ಣಮಾಪಕ ತೋರಿಸುತ್ತಿದ್ದುದು 26 ಡಿಗ್ರಿ ಮಾತ್ರ. ಕುದಿಯದ ನೀರಿನಲ್ಲಿ ಗುಳ್ಳೆ ಎಲ್ಲಿಂದ ಬರಬೇಕು? ಕನ್ನಡ ಪಾಠ ಹೇಳುವ ನನಗೆ ಉತ್ತರ ಹೊಳೆಯಲಿಲ್ಲ. ಪುಸ್ತಕಗಳನ್ನು ತೆಗೆದು ನೋಡಿದಾಗ, ಈ ಪ್ರಶ್ನೆಗೆ ಮುನ್ನೂರೈವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆಯೆಂದು ತಿಳಿಯಿತು.

ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಗಾಳಿಯನ್ನು ಹೀರಿ ತೆಗೆಯುವ ಯಂತ್ರದಿಂದ ತಾನು ನಡೆಸಿದ ಪ್ರಯೋಗಗಳನ್ನು 1660ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಪಾತ್ರೆಯ ಸುತ್ತಲಿನ ಗಾಳಿಯನ್ನು ತೆಗೆದಂತೆಲ್ಲ, ಒಲೆಯೂ ಬೆಂಕಿಯೂ ಇಲ್ಲದೆ ನೀರಿನಿಂದ ಗುಳ್ಳೆಗಳೆದ್ದವು. ಅವು ನಿಜವಾಗಿ ಗಾಳಿಯೇ ಹೌದೋ ಅಲ್ಲವೋ ಎಂಬುದು ಆತನನ್ನು ಕಾಡಿದ ಪ್ರಶ್ನೆ.

ನೂರು ವರ್ಷಗಳ ಮೇಲೆ, 1767ರಲ್ಲಿ, ಲೀಡ್ಸ್ ಪಟ್ಟಣದ ಪಾದ್ರಿ ಜೋಸೆಫ್ ಪ್ರೀಸ್ಟ್ಲಿ ನೆರೆಯ ಬಿಯರ್ ಭಟ್ಟಿಗೆ ಹೋಗಿ, ಅಲ್ಲಿ ಹುಳಿಯುತ್ತಿದ್ದ ದ್ರವದ ಮೇಲೆ ನಿಲ್ಲುವ ಅನಿಲದ ನಡುವೆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಮತ್ತೆ ಮತ್ತೆ ಸುರಿದನು. ಅನಿಲವು ನೀರಿನಲ್ಲಿ ಸೇರಿಹೋಯಿತು. ನಾವು ಕುಡಿಯುವ ಸೋಡಾದ ಮೂಲ ಇದೇ. ಅನಿಲವೂ ಸಕ್ಕರೆಯಂತೆ ನೀರಿನಲ್ಲಿ ಕರಗಿ ಅಡಗಿರಬಲ್ಲದೆಂಬುದು ಇದರಿಂದ ಸ್ಪಷ್ಟವಾಯಿತು.

ಎಷ್ಟು ಕರಗುತ್ತದೆಂದು ಅಳೆದವನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ. ಬಾಲ್ಯದಲ್ಲಿ ಮೈಮೇಲೆ ತೊಲೆ ಬಿದ್ದು ಜೀವಮಾನವೆಲ್ಲ ನೋವುಂಡ ಈತ, 1803ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಒತ್ತಡ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ನೀರು ಅನಿಲವನ್ನು ಹೀರುವುದೆಂದು ತೋರಿಸಿದನು. ಆದರೆ ಕಾವಿನ ವಿಷಯದಲ್ಲಿ ಗಾಳಿಯ ನಡತೆ ಸಕ್ಕರೆಗೆ ವಿರುದ್ಧ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಗಾಳಿ ತಣ್ಣೀರಿನಲ್ಲಿ. ಸಮುದ್ರಮಟ್ಟದಲ್ಲಿ, ಸೊನ್ನೆ ಡಿಗ್ರಿಯ ಒಂದು ಲೀಟರ್ ಸಿಹಿನೀರು ಸುಮಾರು 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.6 ಮಾತ್ರ.

ನಮ್ಮ ಹೀಟರಿನ ಗುಟ್ಟು ಇಷ್ಟೇ. ಅದಕ್ಕೆ ತಗುಲಿದ ನೀರು ಮೊದಲು ಬಿಸಿಯಾಗುತ್ತದೆ. ಹಿಡಿದಿಡಲಾರದ ಗಾಳಿಯನ್ನು ಬಿಟ್ಟುಕೊಡುತ್ತದೆ. ಗಾಜಿನ ಕಣ್ಣಿಗೆ ಕಾಣದ ತಗ್ಗುಗಳಲ್ಲಿ ಆ ಗಾಳಿ ಕೂಡಿಕೊಂಡು ಗುಳ್ಳೆಯಾಗುತ್ತದೆ. ಹೆದರಬೇಕಾದದ್ದೇನೂ ಇಲ್ಲ.

ಆದರೆ ಓದುತ್ತ ಹೋದಂತೆ ನನ್ನ ಮನಸ್ಸು ಕುಗ್ಗಿತು. ಮೀನು ಉಸಿರಾಡುವುದು ನೀರಿನಲ್ಲಿ ಹೀಗೆ ಕರಗಿರುವ ಆಮ್ಲಜನಕವನ್ನೇ. ಹುಂಬೋಲ್ಟ್ ಮತ್ತು ಪ್ರೊವಾನ್ಸಾಲ್ ಎಂಬ ವಿದ್ವಾಂಸರು ಮೀನಿನ ಉಸಿರಾಟವನ್ನು ಪರೀಕ್ಷಿಸಿ 1809ರಲ್ಲೇ ಇದರ ವಿಚಾರ ಬರೆದಿದ್ದರು. ಅದು ತಿಳಿಯದ ನಾನು, ಹಿಂದೊಮ್ಮೆ ಮೊದಲ ಸಲ ಎರಡು ಮೀನು ತಂದಾಗ, ಕಾಯಿಲೆಯವರಿಗೆ ಕೊಡುವ ಹಾಗೆ, ಕುದಿಸಿ ಆರಿಸಿದ ನೀರನ್ನೇ ತುಂಬಿ ಆಗಲೇ ಅವನ್ನು ಬಿಟ್ಟಿದ್ದೆ. ನೀರು ಸ್ವಚ್ಛವಾಗಿತ್ತು, ಅದರೊಳಗಿನ ಗಾಳಿಯೆಲ್ಲ ಒಲೆಯ ಮೇಲೆಯೇ ಹೊರಟುಹೋಗಿತ್ತು. ಎರಡೂ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚಿ ಮಾಡಿ, ಸಂಜೆಯ ಹೊತ್ತಿಗೆ ಸತ್ತವು. ಮಗಳು ರಾತ್ರಿ ಊಟ ಮಾಡಲಿಲ್ಲ. ಮರುದಿನ ನಾನು ಮೀನು ಮಾರಿದವನ ಬಳಿಗೆ ಹೋಗಿ, ರೋಗದ ಮೀನು ಕೊಟ್ಟೆಯೆಂದು ಬಾಯಿಗೆ ಬಂದಂತೆ ಆಡಿ ಬಂದೆ. ಆತ ಮಾತಾಡದೆ ಬೇರೆ ಎರಡು ಮೀನು ಕೊಟ್ಟುಕಳಿಸಿದ.

ಈಚೆಗೆ ಆತನನ್ನು ಕಂಡು ತಪ್ಪೊಪ್ಪಿಕೊಂಡೆ. “ಕುದಿಸಿದ ನೀರು ಬೇಡಿ ಸ್ವಾಮಿ. ಯಾವ ನೀರೇ ಆದರೂ ಎತ್ತರದಿಂದ ನಾಲ್ಕು ಸಲ ಎತ್ತಿ ಸುರಿದು ಬಿಡಿ,” ಎಂದ ಆತ. ಪ್ರೀಸ್ಟ್ಲಿ ಮಾಡಿದ್ದೂ ಅದನ್ನೇ ಅಲ್ಲವೆ! ಈಗ ನಮ್ಮ ಮನೆಯಲ್ಲಿ ತೊಟ್ಟಿಗೆ ನೀರು ತುಂಬುವಾಗ ಎರಡು ಬಿಂದಿಗೆಗಳ ನಡುವೆ ಹಾಗೆ ಸುರಿಯುವ ಕೆಲಸ ಮಗಳದು.