ಬಿದ್ದವರು ಮರಳಿದ ದಾರಿ: ಕಾವೇರಿ ಸೀಮೆಯ ಕ್ರೈಸ್ತರು ಮತ್ತು ಸಂಕಟದ ಅರ್ಥ

1799ರ ಮಾರ್ಚ್ 27ರಂದು ಮಳವಳ್ಳಿಯ ಬಯಲಿನಲ್ಲಿ ಜನರಲ್ ಹ್ಯಾರಿಸನ ಸೈನ್ಯಕ್ಕೆ ಎದುರಾದ ಟಿಪ್ಪು ಸುಲ್ತಾನನ ಪಡೆ ಹಿಮ್ಮೆಟ್ಟಬೇಕಾಯಿತು. ಹ್ಯಾರಿಸ್ ಅಲ್ಲಿಂದ ಸೋಸಲೆಯ ಬಳಿ ಕಾವೇರಿ ದಾಟಿದ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಶಿವನಸಮುದ್ರದ ಆಸುಪಾಸಿನಲ್ಲೇ ಹಾದುಹೋದ ಈ ದಂಡಯಾತ್ರೆಯನ್ನು ಯುದ್ಧದ ಚರಿತ್ರಕಾರರು ಮೈಲಿ ಮೈಲಿಗೂ ದಾಖಲಿಸಿದ್ದಾರೆ. ಕೋಟೆ ಬಿದ್ದ ಮೇಲೆ ಎದ್ದ ಒಂದು ಧರ್ಮಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ. ಸೆರೆಯಲ್ಲಿ ಮತ ಬಿಟ್ಟಿದ್ದ ಕ್ರೈಸ್ತರು ಈಗ ಸಭೆಗೆ ಮರಳಲು ಬಂದು ನಿಂತಿದ್ದರು. ಅವರನ್ನು ಹೇಗೆ ಕಾಣಬೇಕು?

ಹಿನ್ನೆಲೆ ಸಂಕ್ಷೇಪವಾಗಿ ಇಷ್ಟು. ಎರಡನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಮುದಾಯದ ನೆನಪಿನಲ್ಲಿ ಅದು ಬೂದಿ ಬುಧವಾರದ ದಿನ, ಫೆಬ್ರವರಿ 24. ಎಷ್ಟು ಜನ ಎಂಬುದರಲ್ಲಿ ಆಕರಗಳು ಒಮ್ಮತಕ್ಕೆ ಬರುವುದಿಲ್ಲ. 30,000ದಿಂದ 80,000ದವರೆಗೆ ಲೆಕ್ಕಗಳಿವೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಮಂದಿ ಸತ್ತರು. ಅನೇಕ ಗಂಡಸರಿಗೆ ಸುನ್ನತಿ ಮಾಡಿಸಿ ಸೈನ್ಯಕ್ಕೆ ಸೇರಿಸಲಾಯಿತು. ಮೈಸೂರು ಸೀಮೆಗೆ ಕ್ರೈಸ್ತ ಮತ ಹೊಸದೇನೂ ಆಗಿರಲಿಲ್ಲ. 17ನೇ ಶತಮಾನದ ನಡುವಿನಲ್ಲೇ ಇಟಲಿಯ ಜೆಸುಯಿಟ್ ಲಿಯೊನಾರ್ಡೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಧರ್ಮಬೋಧೆಯ ಪುಸ್ತಕ ಬರೆದಿದ್ದ.

ಮರಳಿ ಬಂದವರನ್ನು ನೋಡಿಕೊಳ್ಳಲು ಕೋಟೆ ಬಿದ್ದ ಮೇಲೆ ಬಂದವರು ಪ್ಯಾರಿಸ್ ವಿದೇಶಿ ಮಿಷನ್ನಿನ ಅಬ್ಬೆ ದುಬಾಯ್. ಕಾವಿ ಉಟ್ಟು, ಮಾಂಸ ಬಿಟ್ಟು, ಊರವರ ಬಾಯಲ್ಲಿ ‘ದೊಡ್ಡ ಸ್ವಾಮಿಯವರು’ ಆಗಿದ್ದ ಇವರು ಪಾಪನಿವೇದನೆ ಕೇಳಿ, ಪ್ರಾಯಶ್ಚಿತ್ತ ವಿಧಿಸಿ, ಚದುರಿದ್ದ ಸಭೆಯನ್ನು ಮತ್ತೆ ಕೂಡಿಸಿದರು. ಆದರೆ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತಮ್ಮ ಪತ್ರಗಳಲ್ಲಿ ಈ ಜನರ ಬಗ್ಗೆ ಅವರು ಬರೆದಿರುವುದು ಕಹಿ ಮಾತು. ಅವರ ಲೆಕ್ಕದಲ್ಲಿ ಸೆರೆಯಾದವರು 60,000 ಮಂದಿ. ಇಷ್ಟು ಜನರಲ್ಲಿ ತನ್ನ ವಿಶ್ವಾಸವನ್ನು ಗಟ್ಟಿಯಾಗಿ ಹೇಳಿ ಪ್ರಾಣ ಕೊಟ್ಟವನು ಒಬ್ಬನೂ ಇರಲಿಲ್ಲವಲ್ಲ ಎಂದು ಅವರು ಮರುಗುತ್ತಾರೆ. ಮರುಗುತ್ತಾರೆ ಎನ್ನುವುದಕ್ಕಿಂತ ಹಂಗಿಸುತ್ತಾರೆ.

ಇಲ್ಲಿ ಓದುಗ ತುಸು ತಡೆದು ನೋಡಬೇಕು. ದುಬಾಯ್ ಫ್ರಾನ್ಸ್ ಬಿಟ್ಟದ್ದು 1792ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ ಕ್ರಾಂತಿಕಾರರು ಇನ್ನೂರಕ್ಕೂ ಹೆಚ್ಚು ಪಾದ್ರಿಗಳನ್ನು ಕೊಂದರು. ಉಳಿದಿದ್ದರೆ ತನಗೂ ಅದೇ ಗತಿಯಾಗುತ್ತಿತ್ತು ಎಂಬ ಅರಿವು ದುಬಾಯ್ ಅವರಿಗಿತ್ತು. ಸಂಕಟದಿಂದ ತಪ್ಪಿಸಿಕೊಂಡು ಬಂದವರು, ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದವರಿಂದ ರಕ್ತಸಾಕ್ಷಿ ಕೇಳುತ್ತಿದ್ದಾರೆ. ಇದು ಅವರ ಪ್ರಾಮಾಣಿಕತೆಯ ಮೇಲೆ ನಾನು ಹೊರಿಸುವ ಆರೋಪವಲ್ಲ. ಪುಸ್ತಕದ ದೇವಶಾಸ್ತ್ರಕ್ಕೂ ಬದುಕಿಗೂ ನಡುವೆ ಇರುವ ಕಂದಕವನ್ನು ತೋರಿಸಲು ಹೇಳಿದೆ.

ಸಂಕಟದ ಬಗ್ಗೆ ಕ್ರೈಸ್ತ ಪರಂಪರೆಗೆ ಒಂದೇ ಉತ್ತರ ಎಂದೂ ಇರಲಿಲ್ಲ. ನೋವು ಪಾಪದ ಕೂಲಿ ಎಂಬ ವಾದವನ್ನು ಯೋಬನ ಗ್ರಂಥವೇ ಒಡೆದುಹಾಕುತ್ತದೆ: ಯೋಬನ ಮೇಲೆ ಪಾಪ ಹೊರಿಸಿದ ಮಿತ್ರರೇ ಕೊನೆಗೆ ತಪ್ಪಿತಸ್ಥರಾಗುತ್ತಾರೆ. ಹುಟ್ಟುಗುರುಡನನ್ನು ಕಂಡು ‘ಇದು ಯಾರ ಪಾಪ?’ ಎಂದು ಕೇಳಿದ ಶಿಷ್ಯರಿಗೆ ಯೇಸು, ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಎನ್ನುತ್ತಾನೆ. ಪೂರ್ವಕರ್ಮದ ಲೆಕ್ಕಕ್ಕೆ ಒಗ್ಗಿದ ನಮ್ಮ ಸೀಮೆಯ ಕಿವಿಗೆ ಈ ಉತ್ತರ ಹೊಸದಾಗಿ ಕೇಳಿಸಿದ್ದಿರಬೇಕು. ಇನ್ನೊಂದು ಎಳೆ ಪೇತ್ರನ ಪತ್ರದ್ದು: ಕಷ್ಟವು ವಿಶ್ವಾಸವನ್ನು ಪುಟಕ್ಕಿಡುವ ಬೆಂಕಿ. ದುಬಾಯ್ ಹಿಡಿದುಕೊಂಡದ್ದು ಈ ಎಳೆಯನ್ನು. ಆದರೆ ಅದೇ ಪೇತ್ರ, ಕೋಳಿ ಕೂಗುವ ಮೊದಲು ಮೂರು ಸಲ ಗುರುವನ್ನು ಅರಿಯೆನೆಂದವನು. ಸಭೆಯ ಅಡಿಗಲ್ಲಾದದ್ದೂ ಅವನೇ.

ಈ ಜಗಳ ಶ್ರೀರಂಗಪಟ್ಟಣಕ್ಕಿಂತ ಒಂದೂವರೆ ಸಾವಿರ ವರ್ಷ ಹಳೆಯದು. ಕ್ರಿ.ಶ. 250ರಲ್ಲಿ ರೋಮಿನ ಚಕ್ರವರ್ತಿ ಡೆಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಸಾವಿರಾರು ಕ್ರೈಸ್ತರು ಹೆದರಿ ಹಾಗೆಯೇ ಮಾಡಿದರು. ಆಮೇಲೆ ಮರಳಿ ಬಂದರು. ಬಿದ್ದವರನ್ನು ಒಳಗೆ ಬಿಡಕೂಡದು ಎಂದು ನೊವೇಶಿಯನ್ ಹಟ ಹಿಡಿದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ 251ರಲ್ಲಿ ಸಭೆ ಕರೆದು ಪ್ರಾಯಶ್ಚಿತ್ತದ ಬಾಗಿಲು ತೆರೆದ. ಗೆದ್ದದ್ದು ಸಿಪ್ರಿಯನ್ನನ ದಾರಿ. ದುಬಾಯ್ ಬರೆದದ್ದು ನೊವೇಶಿಯನ್ನನ ದನಿಯಲ್ಲಿ, ನಡೆದದ್ದು ಸಿಪ್ರಿಯನ್ನನ ಹಾದಿಯಲ್ಲಿ.

ನಡೆಯ ಇನ್ನೊಂದು ಸಾಕ್ಷಿ ಸಿಡುಬಿನದು. ಹಸುವಿನ ಸಿಡುಬಿನ ಲಸಿಕೆ ಭಾರತ ಮುಟ್ಟಿದ್ದು 1802ರಲ್ಲಿ. 1803–04ರಲ್ಲಿ ದುಬಾಯ್ ಮೈಸೂರು ಸೀಮೆಯ ಹಳ್ಳಿಗಳಲ್ಲಿ ದೇವಿ ಹಾಕಿಸಲು ಜನರ ಮನವೊಲಿಸುತ್ತ ಹೊರಟರು. ಅವರ ಪ್ರಭಾವದಿಂದ ಲಸಿಕೆ ಪಡೆದವರ ಸಂಖ್ಯೆ 25,432 ಎಂದು ದಾಖಲೆಯಿದೆ. ಮೈಮೇಲೆ ಗುಳ್ಳೆ ಎದ್ದರೆ ಅಮ್ಮ ಬಂದಳೆಂದು ಬೇವಿನ ಸೊಪ್ಪು ಕಟ್ಟುವ ಊರುಗಳಲ್ಲಿ, ಆರೋಗ್ಯವಂತ ಮಗುವಿನ ತೋಳು ಗೀರಲು ಒಪ್ಪಿಸುವುದು ಹುಡುಗಾಟದ ಮಾತಲ್ಲ. ಸಂಕಟವನ್ನು ಪರೀಕ್ಷೆಯೆಂದು ಬರೆದ ಕೈ, ಸಂಕಟವನ್ನು ತಡೆಯಲು ಹಳ್ಳಿ ಹಳ್ಳಿ ತಿರುಗಿತು. ಹಾಸನದ ಬಳಿಯ ಸತ್ತಳ್ಳಿಯಲ್ಲಿ ಬಡ ಕ್ರೈಸ್ತರಿಗೆ ಬೇಸಾಯದ ನೆಲೆ ಕಟ್ಟಿಕೊಡಲು ಅವರು ದುಡಿದದ್ದೂ ಇದೇ ಮನಸ್ಸಿನಿಂದ.

ಜನ ಯಾಕೆ ವಿಶ್ವಾಸ ಹುಡುಕಿಕೊಂಡು ಬರುತ್ತಾರೆ ಎಂಬ ಪ್ರಶ್ನೆಗೂ ದುಬಾಯ್ ಉತ್ತರ ಕಟುವೇ. ಇಷ್ಟು ವರ್ಷಗಳಲ್ಲಿ ತಾನು ಜ್ಞಾನಸ್ನಾನ ಕೊಟ್ಟ ಹೊಸಬರು ಇನ್ನೂರು ಮುನ್ನೂರು ಮಂದಿ. ಮೂರರಲ್ಲಿ ಎರಡು ಪಾಲು ಹೊಲೆಯರು, ಭಿಕ್ಷುಕರು. ಉಳಿದವರು ಜಾತಿಯಿಂದ ಹೊರಬಿದ್ದವರು, ಹೆಣ್ಣು ಗಂಡು ಕೂಡಿಬರಲೆಂದು, ಇಲ್ಲವೇ ಬೇರೇನೋ ಲಾಭಕ್ಕೆಂದು ಬಂದವರು ಎಂದು ಅವರು ಬರೆಯುತ್ತಾರೆ. ಇಂಥವರಿಂದ ಸಭೆ ಬೆಳೆಯದು ಎಂಬುದು ಅವರ ತೀರ್ಮಾನ. ಪತ್ರಗಳು ಅಚ್ಚಾದ ಮರುವರ್ಷವೇ ಜೇಮ್ಸ್ ಹಫ್ ಎಂಬ ಪ್ರಾಟೆಸ್ಟೆಂಟ್ ಪಾದ್ರಿ ಇದಕ್ಕೆ ಪುಸ್ತಕರೂಪದ ಖಂಡನೆ ಬರೆದ. ನನ್ನ ತಕರಾರು ಬೇರೆ. ಜಾತಿಯಿಂದ ಹೊರಬಿದ್ದವನಿಗೆ ಮಗಳ ಮದುವೆಗೊಂದು ಮನೆ, ಸತ್ತರೆ ಹೆಣ ಹೊರಲು ನಾಲ್ಕು ಹೆಗಲು ಬೇಕು. ಅದನ್ನು ಹುಡುಕುವುದು ಸ್ವಾರ್ಥವಾದರೆ ವಿಶ್ವಾಸ ಎಂಬುದು ಉಂಡವರ ಸೊತ್ತಾಗಿಬಿಡುತ್ತದೆ. 1876–78ರ ಮಹಾಕ್ಷಾಮದ ನಂತರ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಮಿಷನ್ನುಗಳ ಅನಾಥಾಲಯಗಳಲ್ಲಿ ಬೆಳೆದ ಮಕ್ಕಳ ವಿಷಯದಲ್ಲೂ ‘ಗಂಜಿ ಕ್ರೈಸ್ತರು’ ಎಂಬ ಧಾಟಿಯ ಮಾತು ಸಲೀಸಾಗಿ ಬರುತ್ತದೆ. ಗಂಜಿಗೆ ಬಂದ ಮಗು ಮುಂದೆ ಮೊಮ್ಮಕ್ಕಳ ಕಾಲದವರೆಗೂ ಯಾಕೆ ಉಳಿಯಿತು ಎಂಬುದಕ್ಕೆ ಗಂಜಿ ಉತ್ತರವಾಗದು.

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುಂದೆ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಳ್ಳುತ್ತಾಳೆ. ಅರ್ಕಾವತಿಯ ದಡದ ಹಾರೋಬೆಲೆ ಕನಕಪುರ ತಾಲ್ಲೂಕಿನ ಹಳೆಯ ಕ್ಯಾಥೊಲಿಕ್ ಊರು. ತಪಸ್ಸುಕಾಲದ ಕೊನೆಗೆ, ಶುಭ ಶುಕ್ರವಾರದ ಹೊತ್ತಿಗೆ, ಅಲ್ಲಿನವರು ಯೇಸುವಿನ ಪಾಡುಗಳನ್ನು ‘ಮಹಿಮೆ’ ಎಂಬ ನಾಟಕವಾಗಿ ಆಡುತ್ತಾರೆ. ಪಾತ್ರಧಾರಿಗಳು ಊರಿನವರೇ. ಪಕ್ಕದ ಕಪಾಲಬೆಟ್ಟಕ್ಕೆ ಶಿಲುಬೆ ಹಾದಿ ಹತ್ತುತ್ತದೆ. 2019ರ ಡಿಸೆಂಬರಿನಲ್ಲಿ ಅಲ್ಲಿ ಯೇಸುವಿನ 114 ಅಡಿ ಪ್ರತಿಮೆಗೆ ಶಂಕುಸ್ಥಾಪನೆಯಾಗಿ ವಿವಾದವೆದ್ದಾಗ ಪತ್ರಿಕೆಗಳು ಬೆಟ್ಟವನ್ನು ಕಂಡವು, ಮಹಿಮೆಯನ್ನು ಅಷ್ಟಾಗಿ ಕಾಣಲಿಲ್ಲ. ಸಂಶೋಧಕನಿಗೆ ಮುಖ್ಯವಾದದ್ದು ನಾಟಕವೇ. ಊರಿನ ನಡುವೆಯೇ ಹೊಡೆಸಿಕೊಳ್ಳುವ, ಗೆಳೆಯರು ಕೈಬಿಡುವ ದೇವರನ್ನು ಆ ಊರು ವರ್ಷವರ್ಷವೂ ತನ್ನ ಮೈಮೇಲೆ ತಂದುಕೊಳ್ಳುತ್ತದೆ. ಯಾತನೆ ಯಾಕೆ ಬಂತು ಎಂದು ಈ ಆಟ ವಿವರಿಸುವುದಿಲ್ಲ. ಅದರಲ್ಲಿ ದೇವರೂ ಪಾಲುಗಾರ ಎನ್ನುತ್ತದೆ.

ದುಬಾಯ್ 1823ರ ಜನವರಿಯಲ್ಲಿ ಕಂಪನಿಯ ಪಿಂಚಣಿಯೊಂದಿಗೆ ಭಾರತ ಬಿಟ್ಟರು. ಪ್ಯಾರಿಸ್ಸಿನಲ್ಲಿ ಕೆಲಕಾಲ ತಮ್ಮ ಮಿಷನ್ನಿನ ಮುಖ್ಯಸ್ಥರಾಗಿದ್ದು, 1848ರಲ್ಲಿ ತೀರಿಕೊಂಡರು. ಈ ನೆಲದಲ್ಲಿ ಕ್ರೈಸ್ತ ಮತಕ್ಕೆ ಭವಿಷ್ಯವಿಲ್ಲವೆಂದು ಅವರು ಬರೆದಿದ್ದರು. ಸತ್ತಳ್ಳಿ ಇಂದು ಚಿಕ್ಕಮಗಳೂರು ಧರ್ಮಪ್ರಾಂತ್ಯದ ಒಂದು ಧರ್ಮಕೇಂದ್ರ.