ಎಚ್‌ಐವಿ ಔಷಧಗಳ ಕ್ಲಿನಿಕಲ್ ಫಾರ್ಮಕಾಲಜಿ: ಚರಿತ್ರೆ

ಎಚ್‌ಐವಿ ಸೋಂಕಿತರು ನುಂಗಿದ ಔಷಧ ಮೈಯಲ್ಲಿ ಎಷ್ಟು ಸೇರುತ್ತದೆ, ಎಷ್ಟು ಹೊತ್ತು ಉಳಿಯುತ್ತದೆ, ಎಷ್ಟಾದರೆ ವೈರಾಣುವನ್ನು ತಡೆಯುತ್ತದೆ, ಎಷ್ಟಾದರೆ ರೋಗಿಗೇ ಕೇಡು ತರುತ್ತದೆ ಎಂಬುದನ್ನು ರೋಗಿಗಳಲ್ಲಿಯೇ ಅಳೆದು ತಿಳಿಯುವ ಸಂಶೋಧನಾ ಶಾಖೆ ಇದು. ಹೊಸ ಔಷಧ ಕಂಡುಹಿಡಿದವರಿಗೆ ಹೆಸರು ಹೆಚ್ಚು. ಆದರೆ ಹಗಲಿರುಳೂ ನಡೆಯುತ್ತಿದ್ದ ಚಿಕಿತ್ಸೆ ದಿನಕ್ಕೊಂದು ಮಾತ್ರೆಗೆ ಇಳಿದದ್ದರಲ್ಲಿ ಪ್ರಮಾಣ ಮತ್ತು ವೇಳೆಯನ್ನು ಲೆಕ್ಕ ಹಾಕಿದವರ ಪಾಲು ದೊಡ್ಡದು.

ಮೊದಲ ಔಷಧ ಜಿಡೊವುಡಿನ್ (ಎಜೆಡ್‌ಟಿ). ಅಮೆರಿಕದ ರಸಾಯನಶಾಸ್ತ್ರಜ್ಞ ಜೆರೋಮ್ ಹಾರ್ವಿಟ್ಸ್ 1964ರಲ್ಲಿ ಕ್ಯಾನ್ಸರಿಗೆಂದು ತಯಾರಿಸಿದ ಇದು ಆ ಕೆಲಸಕ್ಕೆ ಬಾರದೆ ಮೂಲೆ ಸೇರಿತ್ತು. 1985ರಲ್ಲಿ ಬರೋಸ್ ವೆಲ್ಕಮ್ ಕಂಪನಿ ಕಳಿಸಿದ ಮಾದರಿಯನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿರೋಆಕಿ ಮಿತ್ಸುಯಾ ಮತ್ತು ಸ್ಯಾಮ್ಯುಯೆಲ್ ಬ್ರೋಡರ್ ಪರೀಕ್ಷಿಸಿ, ಅದು ವೈರಾಣುವನ್ನು ತಡೆಯುವುದನ್ನು ಕಂಡರು. ಅದೇ ವರ್ಷದ ಜುಲೈನಲ್ಲಿ ಮೊದಲ ರೋಗಿಗೆ ಔಷಧ ಕೊಡಲಾಯಿತು. 1986ರಲ್ಲಿ 282 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಹುಸಿ ಮಾತ್ರೆ ಪಡೆದವರಲ್ಲಿ 19 ಮಂದಿ ತೀರಿಕೊಂಡರೆ, ಔಷಧ ಪಡೆದವರಲ್ಲಿ ಒಬ್ಬರು. ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿ ಎಲ್ಲರಿಗೂ ಔಷಧ ಕೊಟ್ಟರು. 1987ರ ಮಾರ್ಚ್‌ನಲ್ಲಿ ಪರವಾನಗಿ ಸಿಕ್ಕಿತು.

ತೊಡಕು ಪ್ರಮಾಣದಲ್ಲಿತ್ತು. ನಾಲ್ಕು ಗಂಟೆಗೊಮ್ಮೆ 200 ಮಿ.ಗ್ರಾಂ., ಅಂದರೆ ದಿನಕ್ಕೆ 1200. ರೋಗಿಗಳು ಅಲಾರಂ ಇಟ್ಟುಕೊಂಡು ನಡುರಾತ್ರಿ ಏಳಬೇಕಿತ್ತು. ರಕ್ತಹೀನತೆಯಿಂದ ಅನೇಕರಿಗೆ ರಕ್ತ ಏರಿಸಬೇಕಾಯಿತು. ರಕ್ತದಲ್ಲಿ ಔಷಧದ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಹಿಡಿಯುವ ಹೊತ್ತು) ಸುಮಾರು ಒಂದೇ ಗಂಟೆಯಾದ್ದರಿಂದ ಈ ಅವಸರ ಸರಿಯೆಂದೇ ತೋರಿತ್ತು. ಆದರೆ ವೈರಾಣುವಿನ ದಾರಿಗೆ ಅಡ್ಡ ಬರುವುದು ರಕ್ತದಲ್ಲಿರುವ ಎಜೆಡ್‌ಟಿ ಅಲ್ಲ. ಜೀವಕೋಶದ ಕಿಣ್ವಗಳು ಅದಕ್ಕೆ ಮೂರು ಫಾಸ್ಫೇಟ್ ಜೋಡಿಸಿದ ಮೇಲೆ ಹುಟ್ಟುವ ರೂಪ. ಅದು ಕೋಶದೊಳಗೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಅರ್ಧ ಪ್ರಮಾಣವೂ ಅಷ್ಟೇ ಫಲ ಕೊಡುತ್ತದೆ, ಕೇಡು ಕಡಿಮೆ ಎಂದು ಪ್ರಯೋಗಗಳು ತೋರಿಸಿದವು. 1990ರಲ್ಲಿ ದಿನದ ಪ್ರಮಾಣ 600ಕ್ಕೆ ಇಳಿಯಿತು. ಮುಂದೆ ಬೆಳಿಗ್ಗೆ, ಸಂಜೆ 300ರಂತೆ ಎರಡೇ ಹೊತ್ತು ಸಾಕಾಯಿತು. ಮೊದಲ ವರ್ಷಗಳ ರೋಗಿಗಳು ಪಟ್ಟ ಪಾಡಿನಲ್ಲಿ ಒಂದು ಪಾಲು ಈ ಲೆಕ್ಕ ತಡವಾಗಿ ಬಂದದ್ದರಿಂದ ಆದದ್ದು ಎನ್ನದೆ ವಿಧಿಯಿಲ್ಲ. ಎಜೆಡ್‌ಟಿಯನ್ನೂ ಸ್ಟಾವುಡಿನ್ ಎಂಬ ಔಷಧವನ್ನೂ ಒಟ್ಟಿಗೆ ಕೊಡಬಾರದೆಂಬ ನಿಯಮಕ್ಕೂ ಕಾರಣ ಕೋಶದೊಳಗೇ ಇದೆ: ಎರಡಕ್ಕೂ ಫಾಸ್ಫೇಟ್ ಜೋಡಿಸಲು ಒಂದೇ ಕಿಣ್ವ ಬೇಕು.

1995ರ ಡಿಸೆಂಬರಿನಲ್ಲಿ ಬಂದ ಸಾಕ್ವಿನಾವಿರ್ ವೈರಾಣುವಿನ ಪ್ರೋಟಿಯೇಸ್ ಕಿಣ್ವವನ್ನು ತಡೆಯುವ ಔಷಧಗಳಲ್ಲಿ ಮೊದಲನೆಯದು. ನುಂಗಿದ್ದರಲ್ಲಿ ರಕ್ತಕ್ಕೆ ಸೇರುತ್ತಿದ್ದದ್ದು ಶೇ. 4ರಷ್ಟು. ಉಳಿದದ್ದರಲ್ಲಿ ಬಹುಪಾಲನ್ನು ಕರುಳು ಮತ್ತು ಯಕೃತ್ತಿನ ಸಿವೈಪಿ3ಎ4 ಎಂಬ ಕಿಣ್ವ ಅರಗಿಸಿಬಿಡುತ್ತಿತ್ತು. 1996ರ ಇಂಡಿನಾವಿರ್ ಅನ್ನು ಎಂಟು ಗಂಟೆಗೊಮ್ಮೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕಿತ್ತು, ಮೂತ್ರಪಿಂಡದಲ್ಲಿ ಕಲ್ಲಾಗದಂತೆ ಲೀಟರುಗಟ್ಟಲೆ ನೀರು ಕುಡಿಯಬೇಕಿತ್ತು. ದಾರಿ ತೋರಿಸಿದ್ದು ರಿಟೋನಾವಿರ್. ಪೂರ್ಣ ಪ್ರಮಾಣದಲ್ಲಿ ವಾಂತಿ ಬರಿಸುತ್ತಿದ್ದ ಈ ಔಷಧಕ್ಕೆ ಅದೇ ಕಿಣ್ವವನ್ನು ಕಟ್ಟಿಹಾಕುವ ಗುಣವಿತ್ತು. ಬೇರೆ ಔಷಧಗಳೊಡನೆ ಕೂಡಿದರೆ ಅಪಾಯ ಎನಿಸಿದ್ದ ಗುಣವನ್ನೇ ಸಂಶೋಧಕರು ಬಳಸಿಕೊಂಡರು: 100 ಮಿ.ಗ್ರಾಂ. ರಿಟೋನಾವಿರ್ ಜೊತೆಗಿದ್ದರೆ ಇನ್ನೊಂದು ಔಷಧ ರಕ್ತದಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. 2000ದಲ್ಲಿ ಲೋಪಿನಾವಿರ್ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಬಂದ ಈ ಉಪಾಯ ಎರಡು ದಶಕಗಳ ಮೇಲೆ ಕೋವಿಡ್‌ನ ಪ್ಯಾಕ್ಸ್‌ಲೋವಿಡ್‌ನಲ್ಲೂ ಕೆಲಸಕ್ಕೆ ಬಂತು.

ನೆವಿರಪಿನ್ ಎಂಬ ಇನ್ನೊಂದು ಔಷಧದ ದೀರ್ಘ ಅರ್ಧಾಯುಷ್ಯ ವರವೂ ಹೌದು, ತೊಡಕೂ ಹೌದು. ಉಗಾಂಡದ ಕಂಪಾಲಾದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆರಿಗೆ ನೋವು ಬಂದಾಗ ತಾಯಿಗೆ ಒಂದು ಮಾತ್ರೆ, ಹುಟ್ಟಿದ ಮೂರು ದಿನದೊಳಗೆ ಮಗುವಿಗೆ ಒಂದು ಬಾರಿ ಔಷಧ ಕೊಟ್ಟರೆ, ಅಲ್ಪಾವಧಿಯ ಎಜೆಡ್‌ಟಿಗಿಂತ ತಾಯಿಯಿಂದ ಮಗುವಿಗೆ ತಗಲುವ ಸೋಂಕು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಔಷಧ ವಾರಗಟ್ಟಲೆ ಮೆಲ್ಲಗೆ ಕರಗುವಾಗ, ಆ ಕಡಿಮೆ ಮಟ್ಟದಲ್ಲಿ ವೈರಾಣು ಪ್ರತಿರೋಧ ಕಲಿಯಿತು.

ಭಾರತದ ಕಥೆಯಲ್ಲಿ ಬೆಲೆ ಮತ್ತು ಕ್ಷಯ ಎರಡೂ ಸೇರಿವೆ. 2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ಸರ್ಕಾರದ ಉಚಿತ ಎಆರ್‌ಟಿ (ಎಚ್‌ಐವಿ ತಡೆ ಔಷಧಗಳ ಚಿಕಿತ್ಸೆ) ಆರಂಭವಾಯಿತು. ಕ್ಷಯವೂ ಇದ್ದವರಿಗೆ ಕೊಡುವ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಕೆರಳಿಸಿ ನೆವಿರಪಿನ್ ಅನ್ನು ಬೇಗ ಕಳೆಯುತ್ತದೆ. ವೈದ್ಯವಿಜ್ಞಾನಿ ಸೌಮ್ಯಾ ಸ್ವಾಮಿನಾಥನ್ ಮತ್ತು ಸಂಗಡಿಗರು ದಕ್ಷಿಣ ಭಾರತದಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನಕ್ಕೊಮ್ಮೆಯ ನೆವಿರಪಿನ್ ಎಫಾವಿರೆಂಜ್ ಎಂಬ ಔಷಧಕ್ಕೆ ಸಾಟಿಯಾಗಲಿಲ್ಲ. ಎಫಾವಿರೆಂಜ್‌ಗೂ ತನ್ನದೇ ತೊಡಕಿದೆ. ಸಿವೈಪಿ2ಬಿ6 ಜೀನಿನ ಒಂದು ರೂಪ ಉಳ್ಳವರಲ್ಲಿ ಅದು ನಿಧಾನವಾಗಿ ಕರಗಿ ತಲೆಸುತ್ತು, ಕೆಟ್ಟ ಕನಸು ಹೆಚ್ಚಿಸುತ್ತದೆ. ಆಫ್ರಿಕದಲ್ಲೂ ಭಾರತದಲ್ಲೂ ಈ ರೂಪ ವಿರಳವೇನಲ್ಲ. 600ರ ಬದಲು 400 ಮಿ.ಗ್ರಾಂ. ಸಾಕು ಎಂದು ಎನ್‌ಕೋರ್-1 ಪ್ರಯೋಗ ತೋರಿಸುವ ಹೊತ್ತಿಗೆ ಡೊಲುಟೆಗ್ರಾವಿರ್ ಎಂಬ ಹೊಸ ಔಷಧ ಬಂದಿತ್ತು. ರಿಫಾಂಪಿಸಿನ್ ಜೊತೆಗಿದ್ದರೆ ಅದನ್ನೂ ದಿನಕ್ಕೆ ಎರಡು ಬಾರಿ ಕೊಡಬೇಕು. ಜೀನು ನೋಡಿ ಔಷಧ ಕೊಡುವ ಪದ್ಧತಿ ಗಟ್ಟಿಯಾಗಿ ನೆಲೆಗೊಂಡದ್ದು ಅಬಕಾವಿರ್ ಎಂಬ ಔಷಧದಲ್ಲಿ: ಎಚ್‌ಎಲ್‌ಎ-ಬಿ*5701 ಎಂಬ ಜೀನು ರೂಪ ಇಲ್ಲವೆಂದು ಖಚಿತಪಡಿಸಿಕೊಂಡು ಕೊಟ್ಟರೆ, ಚರ್ಮಪರೀಕ್ಷೆಯಿಂದ ದೃಢಪಡುವ ಅಲರ್ಜಿ ಆಗುವುದೇ ಇಲ್ಲವೆಂದು 2008ರ ಪ್ರಯೋಗ ಸಾಬೀತುಮಾಡಿತು.

ಪ್ರಮಾಣ ಸರಿಯಿದ್ದರೂ ಮಾತ್ರೆ ತಪ್ಪಿಸಿದರೆ ಫಲವಿಲ್ಲ. ಮೊಬೈಲಿನಲ್ಲಿ ನೆನಪಿಸಿದರೆ ಮಾತ್ರೆ ತಪ್ಪುವುದಿಲ್ಲವೇ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರೂ ಸೇರಿ ದಕ್ಷಿಣ ಭಾರತದಲ್ಲಿ ನಡೆಸಿದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಈಚಿನ ಸಂಶೋಧನೆ ಮಾತ್ರೆಯನ್ನೇ ಬಿಡಿಸುವ ಕಡೆಗಿದೆ. 2022ರಲ್ಲಿ ಪರವಾನಗಿ ಪಡೆದ ಲೆನಾಕಪಾವಿರ್ ಆರು ತಿಂಗಳಿಗೊಮ್ಮೆ ಚರ್ಮದಡಿ ಹಾಕುವ ಚುಚ್ಚುಮದ್ದು. ದಕ್ಷಿಣ ಆಫ್ರಿಕ ಮತ್ತು ಉಗಾಂಡದಲ್ಲಿ ಸೋಂಕು ತಡೆಗೆಂದು ಅದನ್ನು ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ ಎಂಬ ಫಲಿತಾಂಶ 2024ರಲ್ಲಿ ಹೊರಬಂತು. ಚುಚ್ಚುಮದ್ದು ನಿಲ್ಲಿಸಿದವರ ಮೈಯಲ್ಲಿ ತಿಂಗಳುಗಟ್ಟಲೆ ಉಳಿಯುವ ಅಲ್ಪ ಔಷಧ ಪ್ರತಿರೋಧಕ್ಕೆ ಎಡೆಕೊಡಬಹುದೆಂಬ ಆತಂಕ ಇಲ್ಲಿಯೂ ಇದೆ. ರಿಫಾಂಪಿಸಿನ್ ಇದರ ಮಟ್ಟವನ್ನೂ ತಗ್ಗಿಸುತ್ತದೆ.